ಗಿಡಂಕೋ

ಸಂಭಾಷಣೆ ಬರೆಯುವುದನ್ನು ನಾನು ಕಲಿತದ್ದು ಶೌಚಾಲಯದಲ್ಲಿ. ನಗುವವರು ನಗಬಹುದು, ನಾನೂ ನಗುತ್ತೇನೆ. ಆದರೆ ಸುಳ್ಳಲ್ಲ.

ಮೈತುಂಬ ಗಾಜು ಹೊದ್ದುಕೊಂಡ ಎತ್ತರದ ಕಟ್ಟಡ. ಒಂದೊಂದು ಮಹಡಿಗೆ ಒಂದೊಂದು ಕಂಪನಿ. ಎಲ್ಲ ಮಹಡಿಯ ಶೌಚಾಲಯಗಳೂ ಅಮ್ಮನವು ಮತ್ತು ನನ್ನವು. ನಮ್ಮವು ಅಂದರೆ ತೊಳೆಯುವುದಕ್ಕೆ. ಹೋಗುವುದಕ್ಕೆ ನಮಗೆ ನೆಲಮಾಳಿಗೆಯಲ್ಲಿ, ಜನರೇಟರಿನ ಪಕ್ಕ, ಚಿಲಕವಿಲ್ಲದ ಒಂದು ಬಾಗಿಲಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗಿನಿಂದ ಕಾಲು ಒತ್ತಿ ನಿಲ್ಲಬೇಕು. ನಾನು ನಿಂತಾಗ ಅಮ್ಮ ಒಳಗಿನಿಂದ ಎಚ್ಚರಿಸುತ್ತಿದ್ದಳು. "ಕಥೆ ಯೋಚಿಸ್ತಾ ಕಾಲು ತೆಗೀಬೇಡ್ವೇ."

ಕೆಲಸ ಹೇಳುತ್ತೇನೆ ಕೇಳಿ. ಮೊಣಕಾಲೂರಿ ಕೂತು ಕಮೋಡಿನ ಬುಡ ಉಜ್ಜಬೇಕು. ಆಸಿಡ್ಡಿನ ಹೊಗೆ ಮೂಗಿಗೆ ಏರುತ್ತದೆ, ಕಣ್ಣು ಉರಿಯುತ್ತದೆ, ಒರೆಸಿಕೊಳ್ಳೋಣ ಅಂದರೆ ಕೈಯಲ್ಲೂ ಆಸಿಡ್ಡೇ. ಗ್ಲೌಸ್ ಕೊಡುತ್ತಾರೆ. ಬೆರಳ ತುದಿ ಹರಿದ ಮೇಲೆ ಬೇರೆ ಕೊಡುವುದಿಲ್ಲ. ಅಮ್ಮನ ಉಗುರುಗಳು ಹಳದಿಗಟ್ಟಿವೆ. ನನ್ನವು ಅದೇ ದಾರಿಯಲ್ಲಿವೆ.

ಇದರಲ್ಲಿ ಒಂದೇ ಒಂದು ಲಾಭ. ಮಾಪ್ ಹಿಡಿದವಳು ಯಾರ ಕಣ್ಣಿಗೂ ಬೀಳುವುದಿಲ್ಲ. ಗಂಡಸರ ಕಡೆ ಯಾರಾದರೂ ಒಳಗಿದ್ದರೆ ನಾನು ಬಾಗಿಲ ಹೊರಗೆ ಕಾಯಬೇಕು. ಗೋಡೆ ತೆಳು. ಒಳಗಿನವರು ಫೋನಿನಲ್ಲಿ ಅಳುತ್ತಾರೆ, ಗೋಗರೆಯುತ್ತಾರೆ, ಮೇಲಿನವರಿಗೆ ಶಾಪ ಹಾಕುತ್ತಾರೆ. ಒಬ್ಬ ತನ್ನ ಹೆಂಡತಿಗೆ "ಮೀಟಿಂಗಲ್ಲಿದೀನಿ ಚಿನ್ನ" ಅನ್ನುತ್ತಲೇ ಮರೆತು ಫ್ಲಶ್ ಒತ್ತಿಬಿಟ್ಟ. ಅದಕ್ಕಿಂತ ಒಳ್ಳೆಯ ದೃಶ್ಯವನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಮೂರು ದಿನ ಆ ಹೆಂಡತಿ ಏನು ಉತ್ತರ ಕೊಟ್ಟಿರಬಹುದು ಎಂದು ಯೋಚಿಸಿದೆ. ಉದ್ದನೆಯ ವರಾಂಡದಲ್ಲಿ, ಒದ್ದೆ ಮಾಪಿನಲ್ಲಿ ನೆಲದ ಮೇಲೆ ಬರೆದು ನೋಡಿದೆ. ಒಣಗುವುದರೊಳಗೆ ಓದಬೇಕು. ಸರಿಯೆನಿಸಿದರೆ ತಲೆಯಲ್ಲಿ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಮೇಲೊಂದು ಸಲ ಫಿನೈಲು. ನಾನು ಬರೆಯುತ್ತಿದ್ದದ್ದೇ ಹೀಗೆ. ಆ ವರಾಂಡವನ್ನು ನನ್ನಷ್ಟು ಚೊಕ್ಕಟವಾಗಿ ಯಾರೂ ಒರೆಸಿಲ್ಲ ಎಂದು ಸೂಪರ್‌ವೈಸರ್ ಒಮ್ಮೆ ಹೊಗಳಿದ. ಪಾಪ.

ಸಂಜೆ ಮನೆಗೆ ಬಂದು ಹಾಳೆಗೆ ಇಳಿಸುತ್ತಿದ್ದೆ. ಅಮ್ಮ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುವಳು. ನಾನು ಓದುವೆನು. ಅವಳಿಗೆ ಉದ್ದ ಮಾತು ಸೇರದು. "ಇವಳು ಇಷ್ಟೊಂದು ಮಾತಾಡ್ತಾ ನಿಂತ್ರೆ ಬಕೆಟ್ ಎತ್ತೋದು ಯಾವಾಗ?" ಎಂದು ಕೇಳುವಳು. ಎಲ್ಲಿ ಗೊರಕೆ ಶುರುವಾಯಿತೋ ಅಲ್ಲಿಂದ ಮುಂದಿನದನ್ನು ನಾನು ಹರಿದು ಹಾಕುತ್ತಿದ್ದೆ. ಹೀಗೆ ನನ್ನ ದೃಶ್ಯಗಳೆಲ್ಲ ಗಿಡ್ಡವಾದವು.

ಗುಡಿಸಿ ಒರೆಸುವ ಉಳಿದ ಹೆಂಗಸರಿಗೂ ನಮಗೂ ಇನ್ನೊಂದು ಭಾಷೆಯೂ ಇತ್ತು. ತಿರುಗುಮಾತು. ಮಾತನ್ನು ಹಿಂದುಮುಂದು ಮಾಡಿ ಆಡುವುದು, ಅಷ್ಟೆ. ನೀರು ಅಂದರೆ ರುನೀ, ಕಸ ಅಂದರೆ ಸಕ. ಸೂಪರ್‌ವೈಸರ್ ಸೊಂಟದ ಕೀಲಿ ಗೊಂಚಲು ಝಣಝಣ ಅನ್ನಿಸುತ್ತಾ ಬರುವುದು ಕಂಡರೆ ಯಾರಾದರೂ "ದಬಂ ದಬಂ" ಅನ್ನುವರು. ಬಂದ ಬಂದ. ಕೂತವರು ಏಳುವರು, ನಗುತ್ತಿದ್ದವರು ಉಜ್ಜುವರು. ಅವನಿಗೆ ನಾವಿಟ್ಟ ಹೆಸರು 'ಗೊಂಚಲು'. ಇದೇನೋ ಕಾಡುಜನರ ಭಾಷೆ ಎಂದು ಗೊಂಚಲು ಬಹಳ ದಿನ ನಂಬಿಕೊಂಡಿದ್ದ.

ಐದನೇ ಮಹಡಿಯಲ್ಲಿ ಸಿನಿಮಾ ಕಂಪನಿ. ಅಲ್ಲೊಂದು ಕಥೆಕೋಣೆ. ನಡುವೆ ಉದ್ದ ಮೇಜು, ಸುತ್ತ ಮೆತ್ತನೆಯ ಕುರ್ಚಿ. ನಿರ್ದೇಶಕರು, ಅವರ ಬಲಕ್ಕೆ ಮುಖ್ಯ ಲೇಖಕ, ಆಮೇಲೆ ಒಂದಿಬ್ಬರು ಹೌದಪ್ಪಗಳು. ಮುಖ್ಯ ಲೇಖಕ ಪ್ರತಿ ವಾಕ್ಯಕ್ಕೂ ಮುಂಚೆ "ಉಸ್ಸಪ್ಪಾ" ಎಂದು ಉಸಿರು ಬಿಡುತ್ತಿದ್ದ. ಬರೆಯುವ ಕಷ್ಟ ಅವನಿಗೊಬ್ಬನಿಗೇ ಗೊತ್ತು ಅನ್ನುವ ಹಾಗೆ. ಅವನನ್ನು ನಾವು ಉಸ್ಸಪ್ಪ ಅಂತಲೇ ಕರೆಯುತ್ತಿದ್ದೆವು.

ಒಂದು ದಿನ ನಾನು ಆ ಕೋಣೆಯ ಗಾಜು ಒರೆಸುತ್ತಿದ್ದೆ. ಒಳಗೆ ಕೊಳೆಗೇರಿಯ ಸಿನಿಮಾ ಬೇಯುತ್ತಿತ್ತು. ನಲ್ಲಿಯ ಹತ್ತಿರ ಇಬ್ಬರು ಹೆಂಗಸರ ಜಗಳ. ಉಸ್ಸಪ್ಪ ಓದಿದ. "ಉಸ್ಸಪ್ಪಾ... ನೀನು ನನಗೆ ಘೋರ ಅನ್ಯಾಯ ಎಸಗಿರುವೆ!"

ನಾನು ನಗಲಿಲ್ಲ. ವೈಪರ್ ಕೈಜಾರಿ ಗಾಜಿನ ಮೇಲೆ ಕೀಂಯ್ ಅಂದಿತು. ನಿರ್ದೇಶಕರು ತಿರುಗಿದರು.

"ಏನಮ್ಮಾ, ನಗು ಬಂತಾ? ನಿಮ್ಮ ಕಡೆ ಏನಂತ ಬೈತಾರೆ, ನೀನೇ ಹೇಳು ನೋಡೋಣ."

ನಿಜ ಹೇಳಬೇಕೆಂದರೆ ನಮ್ಮ ಗಲ್ಲಿಯ ನಲ್ಲಿಯಲ್ಲಿ ಜಗಳವೇ ಆಗುವುದಿಲ್ಲ. ಸಾಲಿನ ತಲೆಯಲ್ಲಿ ಒಬ್ಬ ಅಜ್ಜಿ ಕೂತಿರುತ್ತಾಳೆ. ಬಾಯಿ ಬಿಟ್ಟವಳನ್ನು ಸಾಲಿನ ಬಾಲಕ್ಕೆ ಕಳಿಸುತ್ತಾಳೆ. ಹಾಗಾಗಿ ನನ್ನ ಹತ್ತಿರ ಬೈಗುಳದ ದಾಸ್ತಾನು ಇರಲಿಲ್ಲ. ಆದರೆ ಆ ಕೋಣೆಯ ಬಾಗಿಲು ತಾನಾಗಿ ತೆರೆದಿತ್ತು. ಬಿಡಲು ನನಗೇನು ತಲೆ ಕೆಟ್ಟಿತ್ತೇ? ಅದೇ ಬೆಳಿಗ್ಗೆ ಐದನೇ ಮಹಡಿಯ ಶೌಚಾಲಯದಲ್ಲಿ ಒಬ್ಬ, ಫೋನು ಕಟ್ಟಾದ ಮೇಲೆ, ನಿರ್ಮಾಪಕರಿಗೆ ಬೈದದ್ದು ನೆನಪಾಯಿತು. ಅದನ್ನೇ ಒಂದಿಷ್ಟು ಹೆಣ್ಣುದನಿಗೆ ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದೆ.

"ನಿನ್ನ ನಾಲಿಗೆ ಸೇದ್ಹೋಗ! ತಿಂದ ಅನ್ನಕ್ಕೆ ಬೊಗಳೋಕೂ ಬರದೇ ಇರೋ ನಾಯಿ ಕಣೇ ನೀನು!"

ಉಸ್ಸಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಆಹಾ! ಇದು ಮಾತು! ಏನು ಸೊಗಡು! ಏನು ಮಣ್ಣಿನ ವಾಸನೆ!"

ಮಣ್ಣಿನ ವಾಸನೆಯಲ್ಲ, ಐದನೇ ಮಹಡಿಯ ವಾಸನೆ. ಬೆಳಿಗ್ಗೆ ಹಾಗೆ ಬೈದವನು ಉಸ್ಸಪ್ಪನೇ. ತನ್ನ ಬೈಗುಳ ತನಗೇ ಗುರುತು ಸಿಗಲಿಲ್ಲ.

ಅವತ್ತಿನಿಂದ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ನಾನು ಕಥೆಕೋಣೆಯಲ್ಲಿ ಕೂರಬೇಕು. ಕುರ್ಚಿಯಲ್ಲಿ ಅಲ್ಲ. ಬಾಗಿಲ ಹತ್ತಿರ, ಬಲ್ಬು ಬದಲಾಯಿಸಲು ಹತ್ತುವ ಸ್ಟೂಲಿನ ಮೇಲೆ. ಅವರಿಗೆಲ್ಲ ಹೆಸರು ಬರೆದ ಪಿಂಗಾಣಿ ಕಪ್ಪುಗಳಿದ್ದವು. ನನಗೆ ಕಾಗದದ ಲೋಟ. ಮಾರನೆಯ ದಿನ ಆ ಪಿಂಗಾಣಿ ಕಪ್ಪುಗಳನ್ನು ತೊಳೆಯುತ್ತಿದ್ದವಳೂ ನಾನೇ. ನನ್ನನ್ನು ಅವರು ಡಿಕ್ಷನರಿ ಎಂದು ಕರೆದರು. "ಏ ಡಿಕ್ಷನರಿ, ಕುಡುಕನಿಗೆ ಏನಂತಾರೆ? ಏ ಡಿಕ್ಷನರಿ, ಓಡಿಹೋದ ಹೆಂಡ್ತಿಗೆ?" ಡಿಕ್ಷನರಿಯನ್ನು ಬೇಕಾದಾಗ ತೆರೆಯುತ್ತಾರೆ, ಸಾಕಾದಾಗ ಮುಚ್ಚುತ್ತಾರೆ. ಅದು ತಾನಾಗಿ ಬಾಯಿ ತೆರೆಯುವ ಹಾಗಿಲ್ಲ.

ನಾನು ಮಾತು ಕಟ್ಟಿ ಕಟ್ಟಿ ಕೊಟ್ಟೆ. ಕೆಲವು ಎರಡನೇ ಮಹಡಿಯ ಬ್ಯಾಂಕಿನವರ ಬೈಗುಳ, ಕೆಲವು ಏಳನೇ ಮಹಡಿಯ ವಕೀಲರದು, ಹೆಚ್ಚಿನವು ನಾನೇ ಹುಟ್ಟಿಸಿದ್ದು. ಎಲ್ಲವೂ ಗಲ್ಲಿಯ ಸೊಗಡು ಎಂದು ಜಮಾ ಆಯಿತು. ಉಸ್ಸಪ್ಪನಿಗೆ ಒಂದು ಅಭ್ಯಾಸವಿತ್ತು. ನಾನು ಒಂದು ಮಾತು ಹೇಳಿದೊಡನೆ ಕಿವಿಗೆ ಕೈಯಿಟ್ಟು, "ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ" ಅನ್ನುವನು. ನಾನು ಮತ್ತೆ ಹೇಳುವೆನು. ಆಗ ಅವನು ಅದನ್ನು ಟಪಟಪ ಟೈಪು ಮಾಡಿ, ಗಂಟಲು ಸರಿಮಾಡಿಕೊಂಡು, ನಿರ್ದೇಶಕರಿಗೆ ತಾನೇ ಓದಿ ಹೇಳುವನು. ಮೊದಲ ಸಲ ಆಡಿದಾಗ ಅದು ನನ್ನ ಮಾತು. ಎರಡನೇ ಸಲಕ್ಕೆ ಅವನದಾಗುತ್ತಿತ್ತು.

ಆದರೂ ಖುಷಿಯಾಗಿದ್ದೆ. ಯಾಕೆಂದರೆ ಆಸೆ. ಪರದೆ ಕತ್ತಲಾಗಿ ಹೆಸರುಗಳು ಮೂಡುತ್ತವಲ್ಲ, ಅಲ್ಲಿ 'ಸಂಭಾಷಣೆ' ಎಂಬ ಪದದ ಕೆಳಗೆ ನನ್ನ ಹೆಸರು ಬರಬೇಕು. ಅಮ್ಮ ಅದನ್ನು ಕೂತು ನೋಡಬೇಕು. ಅಷ್ಟೇ ನನಗೆ ಬೇಕಾದದ್ದು. ಅದಕ್ಕಿಂತ ದೊಡ್ಡದು ಯಾವುದೂ ಬೇಕಿರಲಿಲ್ಲ, ಅದಕ್ಕಿಂತ ಚಿಕ್ಕದು ಯಾವುದೂ ಸಾಕಾಗುತ್ತಿರಲಿಲ್ಲ.

ಆಮೇಲೆ ಮೂರನೇ ಮಹಡಿಯ ಚರಂಡಿ ಕಟ್ಟಿಕೊಂಡಿತು.

ನೀರು ಉಕ್ಕಿ ವರಾಂಡಕ್ಕೆ ಬಂತು. ಬರೀ ನೀರಲ್ಲ. ಮಿಷಿನ್ನಿನವರು ಬರುವುದು ತಡ ಎಂದು ಗೊತ್ತಾಯಿತು. ಆ ಮಹಡಿಗೆ ದೊಡ್ಡ ಮನುಷ್ಯರು ಯಾರೋ ಬರುವವರಿದ್ದರು. ಗೊಂಚಲು ಅಮ್ಮನನ್ನು ಕರೆದ.

"ಕೈ ಹಾಕಿ ತೆಗಿ."

"ಮಿಷಿನ್ ಬರ್ಲಿ ಅಣ್ಣಾ."

"ಮಿಷಿನ್ ಬರೋ ತನಕ ಅವ್ರು ಮೂಗು ಮುಚ್ಕೊಂಡು ನಿಂತ್ಕೋಬೇಕಾ? ತೆಗಿ ಅಂದೆ. ಇಲ್ಲಾಂದ್ರೆ ನಾಳೆಯಿಂದ ತಾಯಿ ಮಗಳು ಇಬ್ರೂ ಬರ್ಬೇಡಿ."

ಅಮ್ಮ ಯೂನಿಫಾರಂ ತೋಳು ಮಡಚಿದಳು. ಕೈ ಹಾಕಿದಳು. ಮೊಣಕೈ ಮುಳುಗಿತು. ತೋಳು ಮುಳುಗಿತು. ಮುಖ ಆ ಕಡೆ ತಿರುಗಿಸಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಳಗೆ ತಡಕಿದಳು. ಗೊಂಚಲು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು "ಇನ್ನೂ ಒಳಗೆ, ಇನ್ನೂ ಒಳಗೆ" ಅಂದ. ನಾನು ಬಕೆಟ್ ಹಿಡಿದು ನಿಂತಿದ್ದೆ. ಅವತ್ತು ಸಂಜೆ ಅವಳು ಆ ಕೈಯಲ್ಲಿ ಉಣ್ಣಲಿಲ್ಲ. ನಾನು ತುತ್ತು ಮಾಡಿ ತಿನ್ನಿಸಿದೆ. ಬಾಯಿ ತೆರೆಯುತ್ತಾ "ನಂಗೇನು ಹಲ್ಲು ಬಂದಿಲ್ವಾ?" ಎಂದು ತಮಾಷೆ ಮಾಡಿದಳು. ನಾನು ನಗಲಾರದೆ ಹೋದೆ.

ಆಗ ಆ ದೃಶ್ಯ ಬರೆದೆ. ಚರಂಡಿ ಅದೇ, ಗೊಂಚಲು ಅದೇ, ಅಮ್ಮನೂ ಅವಳೇ. ಆದರೆ ನನ್ನ ದೃಶ್ಯದಲ್ಲಿ ಅಮ್ಮ ಕೈ ಹಾಕುವುದಿಲ್ಲ. ಬಕೆಟ್ಟನ್ನು ಎತ್ತಿ ಗೊಂಚಲಿನ ಮೇಜಿನ ಮೇಲೆ, ಅವನ ಊಟದ ಡಬ್ಬಿಯ ಪಕ್ಕ ಇಡುತ್ತಾಳೆ. "ನನ್ನ ಕೈ ನಂದು. ಬಕೆಟ್ ನಿಂದು" ಅನ್ನುತ್ತಾಳೆ. ಹೊರಟುಹೋಗುತ್ತಾಳೆ. ಅಷ್ಟೇ.

ಅಮ್ಮನಿಗೆ ಓದಿದೆ. ಅವಳು ಗೊರಕೆ ಹೊಡೆಯಲಿಲ್ಲ. ನೀರು ತಣ್ಣಗಾದರೂ ಕಾಲು ತೆಗೆಯಲಿಲ್ಲ.

ಮಾರನೆಯ ದಿನ ಆ ಹಾಳೆಗಳನ್ನು ಕಥೆಕೋಣೆಯ ಮೇಜಿನ ಮೇಲಿಟ್ಟೆ. ಡಿಕ್ಷನರಿ ತಾನಾಗಿ ಬಾಯಿ ತೆರೆದಿತ್ತು. ಉಸ್ಸಪ್ಪ ಓದಿದ. ಅವನ ಕಣ್ಣು ಮಿಂಚಿದ್ದನ್ನು ನಾನು ನೋಡಿದೆ. ಕಳ್ಳ ಬೆಕ್ಕಿಗೆ ಹಾಲು ಕಂಡಂತೆ.

"ಉಸ್ಸಪ್ಪಾ... ಚೆನ್ನಾಗಿದೆ. ಒಳ್ಳೇ ಅನುಭವ."

"ಅನುಭವ ಅಲ್ಲ ಸಾರ್. ಬರೆದಿದ್ದು. ಅಮ್ಮ ಹಾಗೆ ಹೇಳ್ಲಿಲ್ಲ. ನಾನು ಹೇಳಿಸ್ದೆ."

ಅವನು ನಕ್ಕ. ಗೇಲಿಯ ನಗುವಲ್ಲ, ದಯೆಯ ನಗು. ಅದೇ ನನಗೆ ಮೈ ಉರಿಸಿದ್ದು.

"ನೋಡಮ್ಮಾ, ಬೇಜಾರು ಮಾಡ್ಕೋಬೇಡ. ನೀವು ಬದುಕ್ತೀರಿ, ನಾವು ಬರೀತೀವಿ. ನಿಮ್ಮ ಬಾಯಲ್ಲಿ ಬರೋದೆಲ್ಲ ನಿಜ. ಅದನ್ನ ಕಲೆ ಮಾಡೋ ಕಷ್ಟ ನಮಗಿರ್ಲಿ."

ಅವರು ಕಲೆ ಮಾಡಿದರು. ಹೇಗೆ ಗೊತ್ತೇ? ಅಮ್ಮ ಚರಂಡಿಗೆ ಕೈ ಹಾಕುತ್ತಾಳೆ. ಅಳುತ್ತಾಳೆ. ಗೋಳೋ ಎಂದು ಅಳುತ್ತಾಳೆ. ಆಗ ನಾಯಕ ಬೈಕಿನಲ್ಲಿ, ಹೌದು, ಮೂರನೇ ಮಹಡಿಗೆ ಬೈಕಿನಲ್ಲಿ ಬರುತ್ತಾನೆ. ಅಮ್ಮ ಅವನ ಕಾಲಿಗೆ ಬೀಳುತ್ತಾಳೆ. ಅವನು ಬಕೆಟ್ಟು ಎತ್ತಿ ಮೇಜಿನ ಮೇಲೆ ಕುಕ್ಕಿ ಹೇಳುತ್ತಾನೆ. "ನನ್ನ ಕೈ ನಂದು. ಬಕೆಟ್ ನಿಂದು." ಹಿಂದೆ ಸಂಗೀತ.

ಅವನ ಕೈಗೆ ಏನಾಗಿತ್ತು? ಅವನು ಯಾವ ಬಕೆಟ್ ಎತ್ತಿದ್ದ? ಕೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನಿರ್ದೇಶಕರು ನನ್ನ ಕಡೆ ತಿರುಗಿದರು.

"ಡಿಕ್ಷನರಿ, ನಮ್ಮ ಹೀರೋಗೆ ಒಂದು ಕೂಗು ಬೇಕು. ಇಡೀ ಗಲ್ಲಿ ಅವನನ್ನ ಹಾಗೇ ಕೂಗ್ಬೇಕು. ನಿಮ್ಮ ಜನ ಧೀರನಿಗೆ, ಗಂಡೆದೆ ಇರೋನಿಗೆ ಏನಂತಾರೆ?"

ಹೊಟ್ಟೆಯೊಳಗೆ ಬೆಂಕಿ ಇತ್ತು. ಬಾಯಿಗೆ ಮಾತ್ರ ಯಾಕೋ ನಗು ಬಂತು. ಕೋಡಂಗಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನೇ ತಿರುಗಿಸಿದೆ.

"ಗಿಡಂಕೋ."

"ಏನು?"

"ಗಿಡಂಕೋ, ಸಾರ್. ನಮ್ಮ ತಾತನ ಕಾಲದ ಮಾತು. ಭಾರೀ ಧೀರನಿಗೆ ಮಾತ್ರ ಅನ್ನೋದು. ಎಲ್ಲರಿಗೂ ಅನ್ನೋ ಹಾಗಿಲ್ಲ."

"ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಲಿಲ್ಲ" ಅಂದ ಉಸ್ಸಪ್ಪ.

"ಗಿಡಂಕೋ" ಎಂದು ಅವನ ಮುಖ ನೋಡಿಕೊಂಡೇ ಹೇಳಿದೆ. ಹೊಟ್ಟೆ ತಣ್ಣಗಾಯಿತು.

ಉಸ್ಸಪ್ಪ ಕಣ್ಣು ಮುಚ್ಚಿದ. ತಲೆ ಆಡಿಸಿದ. "ಉಸ್ಸಪ್ಪಾ... ಗೊತ್ತಾಯ್ತು. ಗಿಡ ಅಂದ್ರೆ ಗಿಡ. ಅಂಕ ಅಂದ್ರೆ ರಣರಂಗ. ರಣರಂಗದಲ್ಲಿ ಗಿಡದ ಹಾಗೆ ಬೇರು ಬಿಟ್ಟು ನಿಂತವನು ಗಿಡಂಕೋ!"

"ಕೊನೇಲಿ ಆ ಓ?" ಎಂದರು ನಿರ್ದೇಶಕರು.

"ಅದು... ಗೌರವಸೂಚಕ."

ಹೌದಪ್ಪಗಳು ಹೌದು ಹೌದು ಅಂದರು. ನಾನು ಕಾಗದದ ಲೋಟದೊಳಗೆ ಮುಖ ಹುದುಗಿಸಿ ಕೂತೆ. ಅದು ಅಲುಗಾಡುತ್ತಿತ್ತು.

ಮಾತು ಹಬ್ಬಿತು. ಸಿನಿಮಾ ಬರುವ ಮೊದಲೇ ಹಾಡು ಬಂತು. 'ಅಣ್ಣ ಗಿಡಂಕೋ, ತಮ್ಮ ಗಿಡಂಕೋ, ನಮ್ಮ ವಂಶವೆಲ್ಲಾ ಗಿಡಂಕೋ.' ಆಟೋಗಳ ಹಿಂದೆ ಬರೆಸಿಕೊಂಡರು. ಬ್ಯಾಂಕಿನ ಮ್ಯಾನೇಜರ್ ಶೌಚಾಲಯದಲ್ಲಿ ಗುನುಗಿದ. ನಾಯಕ ಬಲಗೈಯ ಮೇಲೆ ದೊಡ್ಡ ಅಕ್ಷರದಲ್ಲಿ ಹಚ್ಚೆ ಹಾಕಿಸಿಕೊಂಡು ಫೋಟೋ ಬಿಟ್ಟ. ನೆಲಮಾಳಿಗೆಯಲ್ಲಿ ನಮ್ಮ ಹೆಂಗಸರು ಆ ಫೋಟೋ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ನಗುತ್ತಾ ಮಾಪಿನ ಬಕೆಟ್ಟಿನಲ್ಲೇ ಕೂತುಬಿಟ್ಟಳು.

ಅಮ್ಮ ಮಾತ್ರ ಒಂದು ಮುಗುಳ್ನಗೆಯಲ್ಲಿ ಮುಗಿಸಿದಳು.

"ನಗ್ತಿದೀಯಲ್ಲ, ಗಾದೆ ಮರೆತ್ಯಾ? ಇಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ. ಇಲ್ಲಿ ಇಸ್ಕೊಂಡೋರು ಯಾರು? ಕೊಟ್ಟೋಳು ಯಾರು?"

ಚುರ್ ಅಂದಿತು. ಸಂಜೆಯವರೆಗೂ ಆ ಮಾತು ನನ್ನ ಹಿಂದೆಯೇ ಮಹಡಿಯಿಂದ ಮಹಡಿಗೆ ಬಂತು. ಐದನೇ ಮಹಡಿಯ ಎಡಿಟಿಂಗ್ ಕೋಣೆ ಒರೆಸಲು ಹೋದಾಗ ಗೋಡೆಯ ಪರದೆಯ ಮೇಲೆ ಸಿನಿಮಾದ ಹೆಸರುಗಳು ಓಡುತ್ತಿದ್ದವು. ಮಾಪ್ ಊರಿ ನಿಂತೆ. 'ಕಥೆ, ಚಿತ್ರಕಥೆ, ಸಂಭಾಷಣೆ, ಸಂಶೋಧನೆ' ಎಂದು ಬಂತು. ಕೆಳಗೆ ಉಸ್ಸಪ್ಪನ ಹೆಸರು, ಗೋಡೆಯಗಲಕ್ಕೆ. ಆಮೇಲೆ ಎಷ್ಟೋ ಹೆಸರು. ಕುದುರೆ ಕೊಟ್ಟವರು, ಬೈಕ್ ಕೊಟ್ಟವರು, ಬೈಕಿನ ಪೆಟ್ರೋಲು ಕೊಟ್ಟವರು. ಎಲ್ಲರದೂ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ 'ಕೃತಜ್ಞತೆಗಳು: ಕಟ್ಟಡದ ಸ್ವಚ್ಛತಾ ಸಿಬ್ಬಂದಿ.'

ಅದು ನಾನು. ಹೆಸರೂ ಅಲ್ಲ. ಪೆಟ್ರೋಲಿಗಿಂತ ಕೆಳಗೆ.

ಸೀದಾ ನಿರ್ದೇಶಕರ ಕೋಣೆಗೆ ಹೋದೆ. ಮಾಪ್ ಕೈಯಲ್ಲೇ ಇತ್ತು. ಅವರ ಜಮಖಾನದ ಮೇಲೆ ನೀರು ಸುರಿಯಿತು. ಸುರಿಯಲಿ ಅಂದುಕೊಂಡೆ.

"ನನ್ನ ಹೆಸರು ಎಲ್ಲಿ ಸಾರ್?"

ಅವರು ಕೆಟ್ಟವರಂತೆ ಮಾತಾಡುವವರಲ್ಲ. ಕೂರಿಸಿದರು, ಕುರ್ಚಿಯಲ್ಲೇ ಕೂರಿಸಿದರು. ಅದರಲ್ಲೇ ಗೊತ್ತಾಗಬೇಕಿತ್ತು.

"ನಾಳೆ ಕೆಳಗಿನ ಸಭಾಂಗಣದಲ್ಲಿ ಟ್ರೇಲರ್ ಬಿಡುಗಡೆ. ಪತ್ರಿಕೆಯವ್ರು, ಟಿವಿಯವ್ರು ಎಲ್ಲ ಬರ್ತಾರೆ. ಗಿಡಂಕೋ ಬಗ್ಗೆ ಕೇಳೇ ಕೇಳ್ತಾರೆ. ನೀನು ವೇದಿಕೆಗೆ ಬಂದು ಒಂದೇ ಮಾತು ಹೇಳು. ಇದು ನಮ್ಮ ಜನರ ತಲೆತಲಾಂತರದ ಮಾತು, ಈ ರೈಟರ್ ಸಾರ್ ನಮ್ಮ ಜೊತೆ ಇದ್ದು ಹುಡುಕಿ ತೆಗೆದ್ರು ಅಂತ. ಅಷ್ಟು ಹೇಳು. 'ಸಂಭಾಷಣೆ ಸಹಾಯ' ಅಂತ ನಿನ್ನ ಹೆಸರು ಹಾಕಿಸ್ತೀನಿ. ದೊಡ್ಡ ಅಕ್ಷರದಲ್ಲಿ."

ನಾನು ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ, ಕುಣಿಯುತ್ತಾ ಇಳಿದೆ. ವರಾಂಡದ ನೆಲದ ಮೇಲೆ ಆ ವಾಕ್ಯವನ್ನು ಒದ್ದೆ ಮಾಪಿನಲ್ಲಿ ಬರೆದೆ. 'ಇದು ನಮ್ಮ ಜನರ ತಲೆತಲಾಂತರದ ಮಾತು.' ಓದಿದೆ. ಒಣಗಿತು. ಮತ್ತೆ ಬರೆದೆ. ಏನೋ ಸರಿಯಿರಲಿಲ್ಲ. ಏನೆಂದು ಆಗ ಹೊಳೆಯಲಿಲ್ಲ.

ಮಾರನೆಯ ದಿನ ಸಭಾಂಗಣ ತುಂಬಿತ್ತು. ನಮ್ಮ ಹೆಂಗಸರನ್ನೆಲ್ಲ ಕಟ್ಟಕಡೆಗೆ, ಬಾಗಿಲ ಹತ್ತಿರ ನಿಲ್ಲಿಸಿದ್ದರು. ಯಾರಾದರೂ ಏನಾದರೂ ಚೆಲ್ಲಿದರೆ ಒರೆಸಲು. ನಾನು ಅಮ್ಮನ ಪಕ್ಕ ನಿಂತಿದ್ದೆ. ದೀಪ ಆರಿತು. ಟ್ರೇಲರ್ ಶುರುವಾಯಿತು. ಬೆಟ್ಟದಷ್ಟು ದೊಡ್ಡ ನಾಯಕ ಬೆಟ್ಟದಷ್ಟು ದೊಡ್ಡ ಬಕೆಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ನನ್ನ ಕೈ ನಂದು. ಬಕೆಟ್ ನಿಂದು!"

ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ನಾನು ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ. "ನೋಡಮ್ಮಾ, ನಿನ್ನ ಮಾತು."

"ನಾನ್ಯಾವಾಗ ಹಾಗಂದೆ?" ಎಂದಳು ಅಮ್ಮ. ಪರದೆಯ ಬೆಳಕಿನಲ್ಲಿ ಅವಳು ತನ್ನ ಬಲಗೈ ನೋಡಿಕೊಳ್ಳುತ್ತಿದ್ದಳು. "ನಾನು ಬಾಯಿ ಮುಚ್ಕೊಂಡು ಕೈ ಹಾಕ್ದೆ. ಹಾಗನ್ನಬಹುದು ಅಂತ ನಂಗೆ ಹೊಳೀಲೇ ಇಲ್ಲ. ಅದು ನಿನ್ನ ಮಾತು ಕಣೇ. ನೀನು ಬರೆದಿದ್ದು."

ನಿನ್ನೆಯಿಂದ ಏನು ಸರಿಯಿಲ್ಲ ಎಂದು ಆಗ ಗೊತ್ತಾಯಿತು. ತಲೆತಲಾಂತರದ ಮಾತು ಎಂದು ಹೇಳಿದರೆ ನನ್ನ ಹೆಸರು ಬರುತ್ತದೆ. ಆದರೆ ಬರೆದವಳು ನಾನಲ್ಲ ಎಂದು ಒಪ್ಪಿಕೊಂಡ ಮೇಲೆ ಬರುವ ಹೆಸರು. ನಾನು ಬರೀ ಬದುಕಿದವಳು. ಬಾಯಿ ತೆರೆದರೆ ಸೊಗಡು ಸುರಿಯುವ ನಲ್ಲಿ.

ದೀಪ ಬಂತು. ಒಬ್ಬ ಪತ್ರಕರ್ತೆ ಎದ್ದಳು. "ಎಲ್ಲರ ಬಾಯಲ್ಲೂ ಗಿಡಂಕೋ. ಏನು ಸಾರ್ ಹಾಗಂದ್ರೆ?"

ಉಸ್ಸಪ್ಪ ಮೈಕು ಹಿಡಿದ. "ಉಸ್ಸಪ್ಪಾ... ಅದು ನನ್ನ ವರ್ಷಗಳ ತಪಸ್ಸು. ಆ ಜನರ ಮಧ್ಯೆ ಕೂತು, ಎದ್ದು, ಅವರಲ್ಲೊಬ್ಬನಾಗಿ ಬದುಕಿದೀನಿ."

"ನಾವು ತೊಳೆದಿದ್ರ ಮೇಲೆ ಕೂತಿದ್ದಂತೂ ನಿಜ" ಎಂದಳು ನನ್ನ ಬೆನ್ನ ಹಿಂದೆ ನಿಂತಿದ್ದವಳು.

ಗಿಡ ಬಂತು, ರಣರಂಗ ಬಂತು, ಗೌರವಸೂಚಕ ಓ ಬಂತು. ಪತ್ರಕರ್ತರು ಬರೆದುಕೊಂಡರು. "ಈಗ ಆ ಜನರಲ್ಲೇ ಒಬ್ಬಳು ನಿಮ್ಮ ಮುಂದೆ ಸಾಕ್ಷಿ ಹೇಳ್ತಾಳೆ" ಎಂದು ಉಸ್ಸಪ್ಪ ನನ್ನ ಕಡೆ ಕೈಚಾಚಿದ.

ನಡೆದೆ. ಯೂನಿಫಾರಂ ಒದ್ದೆಯಿತ್ತು. ವೇದಿಕೆಯ ಮೆಟ್ಟಿಲು ಬೆಳಿಗ್ಗೆ ನಾನೇ ಒರೆಸಿದ್ದೆ, ಜಾರಲಿಲ್ಲ. ಮೈಕು ಕೈಗೆ ಬಂತು. ಮಾಪಿಗಿಂತ ಹಗುರವಾಗಿತ್ತು. ನಾಳೆಯಿಂದ ತಾಯಿ ಮಗಳಿಬ್ಬರಿಗೂ ಕೆಲಸವಿರುವುದಿಲ್ಲ ಎಂಬುದು ಆ ಮೆಟ್ಟಿಲುಗಳ ಮೇಲೆಯೇ ತೀರ್ಮಾನವಾಗಿತ್ತು. ಕೊನೆಯಲ್ಲಿ ನಿಂತ ಅಮ್ಮನ ಕಡೆ ನೋಡಿದೆ. ಅವಳು ಬಕೆಟ್ಟನ್ನು ಕೆಳಗಿಟ್ಟು ಕೈ ಕಟ್ಟಿಕೊಂಡಳು.

"ಇದು ನಮ್ಮ ಜನರ ಹಳೇ ಮಾತಲ್ಲ" ಎಂದೆ.

ನಿರ್ದೇಶಕರು ಕೆಮ್ಮಿದರು.

"ನಮ್ಮ ತಾತನಿಗೆ ಈ ಮಾತು ಗೊತ್ತೇ ಇರ್ಲಿಲ್ಲ. ಇದು ಹುಟ್ಟಿದ್ದು ಇದೇ ಕಟ್ಟಡದ ಐದನೇ ಮಹಡೀಲಿ, ಬಾಗ್ಲು ಹತ್ರ ಇರೋ ಸ್ಟೂಲ್ ಮೇಲೆ. ಕಟ್ಟಿದ್ದು ನಾನು. ಆ ಬಕೆಟ್ಟಿನ ಮಾತೂ ನಂದೇ. ನಾವು ಬದುಕ್ತೀವಿ, ಹೌದು. ಬರೀತೀವಿ ಕೂಡ."

"ಅವಳಿಗೆ ಗಾಬರಿಯಾಗಿದೆ" ಎಂದು ಉಸ್ಸಪ್ಪ ಮೈಕಿಗೆ ಕೈಹಾಕಿದ. ನಾನು ಕೊಡಲಿಲ್ಲ. ಒದ್ದೆ ಬಟ್ಟೆ ಹಿಂಡಿ ಹಿಂಡಿ ಗಟ್ಟಿಯಾದ ಕೈ. ಅವನು ಎಳೆದ, ಬರಲಿಲ್ಲ.

"ಹಾಗಾದ್ರೆ ಅರ್ಥ ಏನಮ್ಮಾ?" ಪತ್ರಕರ್ತೆ ಕೇಳಿದಳು.

"ಹಿಂದಿನಿಂದ ಓದಿ ಅಕ್ಕಾ."

ಎಲ್ಲರ ತುಟಿಗಳೂ ಅಲ್ಲಾಡತೊಡಗಿದವು. ವೇದಿಕೆಯ ಮೇಲಿದ್ದ ನಾಯಕ ಅಂಗಿಯ ತೋಳು ಮೇಲೆ ಸರಿಸಿದ. ಹಚ್ಚೆಯ ಮೇಲೆ ಬೆರಳಿಟ್ಟು, ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ ಓದಿದ. ಅವನ ಎದೆಯ ಮೇಲೆ ಮೈಕಿತ್ತು ಎಂಬುದನ್ನು ಮರೆತಿದ್ದ.

"ಕೋ... ಡಂ... ಗಿ."

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಸಭಾಂಗಣಕ್ಕೆ ಸಭಾಂಗಣವೇ ನಗುತ್ತಾ ಉರುಳಿತು. ಕ್ಯಾಮೆರಾ ಹಿಡಿದವರ ಕೈ ನಗುವಿಗೆ ನಡುಗಿತು. ನಮ್ಮ ಹೆಂಗಸರು ಪೊರಕೆ ಎತ್ತಿ "ದಬಂ ದಬಂ" ಎಂದು ಕೂಗಿದರು. ಯಾರು ಬಂದದ್ದು ಎಂದು ಹೇಳಲಿಲ್ಲ. ನಾಯಕ ಒಂದು ಕೈಯಿಂದ ಇನ್ನೊಂದು ತೋಳನ್ನು ಉಜ್ಜುತ್ತಿದ್ದ. ಹಚ್ಚೆ ಉಜ್ಜಿದರೆ ಹೋಗುತ್ತದೆಯೇ? ಅದಕ್ಕೆ ಆಸಿಡ್ಡೇ ಬೇಕು.

"ಯಾರಯ್ಯಾ ಇದನ್ನ ಬರೆದಿದ್ದು?" ಎಂದು ಗುಡುಗಿದ. "ಯಾರು ಬರೆದಿದ್ದು ಅಂತ ಕೇಳ್ತಿದೀನಿ!"

ಎಲ್ಲರೂ ಉಸ್ಸಪ್ಪನನ್ನು ನೋಡಿದರು. ಗೋಡೆಯಗಲದ ಹೆಸರಿನವನನ್ನು. ಕ್ಯಾಮೆರಾಗಳೂ ತಿರುಗಿದವು. ಅವನು ಹಿಂದೆ ಸರಿದ. ಉಸ್ಸಪ್ಪಾ ಅನ್ನುವುದನ್ನೂ ಮರೆತ.

"ನಾನಲ್ಲ ಸಾರ್! ದೇವರಾಣೆಗೂ ನಾನಲ್ಲ! ಅವಳು! ಅವಳು ಬರೆದಿದ್ದು! ಬಕೆಟ್ಟು, ಬೈಗುಳ, ಗಲ್ಲಿ ಸೀನುಗಳು ಎಲ್ಲಾ ಅವಳೇ ಬರೆದಿದ್ದು, ನಾನು ಒಂದಕ್ಷರ ಬರೆದಿಲ್ಲ!"

ನಗು ನಿಂತಿತು. ಟಿವಿಯವರ ಕೆಂಪು ದೀಪಗಳು ಉರಿಯುತ್ತಿದ್ದವು. ಸಭಾಂಗಣದ ಕೊನೆಯಿಂದ ಅಮ್ಮನ ದನಿ ಬಂತು. ಜೀವಮಾನವೆಲ್ಲ ಮಹಡಿಯಲ್ಲಿ ಪಿಸುಗುಡುತ್ತಾ ಕಳೆದವಳ ಗಂಟಲು ಅಷ್ಟು ದೊಡ್ಡದು ಎಂದು ನನಗೂ ತಿಳಿದಿರಲಿಲ್ಲ.

"ಏನಂದ್ರು?"

ನಾನು ಮೈಕನ್ನು ಉಸ್ಸಪ್ಪನ ಬಾಯಿಯ ಹತ್ತಿರ ಹಿಡಿದೆ.

"ಸಾರ್, ಇನ್ನೊಂದ್ಸಲ ಹೇಳಿ. ಸರಿಯಾಗಿ ಕೇಳಿಸ್ಲಿಲ್ಲವಂತೆ."